ದುಡಿಮೆಗೊಂದು ಜೀನ್ಸು

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಕಲಿತು, ಇಂದಿಗೂ ಬಿಳಿಯ ಪಂಚೆಯನ್ನೇ ಉಡುವ ನಾವು ಜೀನ್ಸಿನ ವಿಷಯವಾಗಿ ಬರೆಯಲು ಕುಳಿತದ್ದನ್ನು ಕಂಡು ಕೆಲವು ಓದುಗರು ಮುಗುಳ್ನಗಬಹುದು. ನಗಲಿ, ಅಡ್ಡಿಯಿಲ್ಲ. ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿಗಳ ಕಡೆಯ ತಾಯಂದಿರು ಮನೆಯ ಕಷ್ಟಸುಖಗಳನ್ನು ಹೇಳಿಕೊಳ್ಳುವಾಗ ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆ ನಮ್ಮನ್ನು ಈ ಕೆಲಸಕ್ಕೆ ಹಚ್ಚಿದೆ. “ಅಯ್ಯನವರೇ, ಹುಡುಗನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿದೆ. ಆದರೆ ಆರು ತಿಂಗಳಿಗೊಂದು ಪ್ಯಾಂಟು ಹರಿಯುತ್ತದೆ. ದುಬಾರಿಯದನ್ನೇ ತಂದರೆ ಬಾಳಿಕೆ ಬಂದೀತೆ?” ಎಂದು ಅವರು ಕೇಳುತ್ತಾರೆ. ಹೊಸದಾಗಿ ದುಡಿಯಲು ಹೊರಟ ಹುಡುಗನ ಸಂಬಳದಲ್ಲಿ ಮನೆ ಬಾಡಿಗೆ, ಬಸ್ಸಿನ ಪಾಸು, ತಂಗಿಯ ಕಾಲೇಜಿನ ಶುಲ್ಕ ಎಲ್ಲವೂ ನಡೆಯಬೇಕು. ಅಂಥ ಮನೆಯಲ್ಲಿ ವರ್ಷಕ್ಕೆ ನಾಲ್ಕು ಪ್ಯಾಂಟು ಹರಿದರೆ ಅದನ್ನು ಸಣ್ಣ ವಿಷಯವೆನ್ನಲಾಗದು.

ಅವರ ಪ್ರಶ್ನೆಗೆ ನಮ್ಮ ಉತ್ತರವಿಷ್ಟು. ಜೀನ್ಸು ಬೇಗ ಹರಿಯುವುದಕ್ಕೆ ಬೆಲೆ ಕಡಿಮೆಯಾದದ್ದೇ ಕಾರಣವಲ್ಲ. ಬಹುಪಾಲು ಜೀನ್ಸುಗಳ ಅರ್ಧ ಆಯುಸ್ಸನ್ನು ಅಂಗಡಿಗೆ ಬರುವ ಮೊದಲೇ ಉಜ್ಜಿ, ತೊಳೆದು, ಕೆರೆದು ಕಳೆದುಬಿಟ್ಟಿರುತ್ತಾರೆ. ಮೂರು ಸಾವಿರದ ಜೀನ್ಸಿನಲ್ಲಿಯೂ ಈ ದೋಷವಿರಬಹುದು, ಎಂಟುನೂರರದರಲ್ಲಿ ಇಲ್ಲದಿರಬಹುದು. ಆದುದರಿಂದ ಹಿಂಬದಿಯ ಪಟ್ಟಿಯ ಮೇಲಿನ ಹೆಸರನ್ನು ಓದುವ ಮೊದಲು ಬಟ್ಟೆಯನ್ನೂ ಹೊಲಿಗೆಯನ್ನೂ ಓದಲು ಕಲಿಯಬೇಕು.

ಈ ಉಡುಪಿನ ಹುಟ್ಟನ್ನು ನೆನೆದರೆ ಮೇಲಿನ ತಾಯಂದಿರ ಪ್ರಶ್ನೆ ಹೊಸದೇನೂ ಅಲ್ಲವೆಂದು ತಿಳಿಯುತ್ತದೆ. ಅಮೆರಿಕದ ನೆವಾಡ ಪ್ರಾಂತದ ರೀನೋ ಎಂಬ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದನು. ಕೂಲಿಕಾರನೊಬ್ಬನ ಹೆಂಡತಿ ಅವನಲ್ಲಿಗೆ ಬಂದು, ತನ್ನ ಗಂಡನಿಗೆ ಬೇಗ ಹರಿಯದಂಥ ಷರಾಯಿಯೊಂದನ್ನು ಹೊಲಿದುಕೊಡೆಂದು ಕೇಳಿದಳು. ಎಳೆತ ಬೀಳುವ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ಟುಗಳನ್ನು ಬಡಿದು ಅವನು ಹೊಲಿದುಕೊಟ್ಟನು. ಹಕ್ಕುಪತ್ರ ಪಡೆಯಲು ಅವನ ಕೈಯಲ್ಲಿ ಹಣವಿರಲಿಲ್ಲ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆಗೂಡಿದನು. 1873ರ ಮೇ 20ರಂದು ಹಕ್ಕುಪತ್ರ ದೊರೆಯಿತು. ಜಗತ್ತನ್ನೆಲ್ಲ ತುಂಬಿದ ಈ ಉಡುಪು ಹುಟ್ಟಿದ್ದು ಹೀಗೆ, ದುಡಿಯುವವನ ಮನೆಯಾಕೆಯ ಒಂದು ಬೇಡಿಕೆಯಿಂದ. ನಮ್ಮ ದೇಶಕ್ಕೂ ಇದರ ಬಂಧುತ್ವವುಂಟು. ಮುಂಬಯಿಯ ಡೋಂಗ್ರಿಯ ಹೆಸರಿನಿಂದ ಒಂದು ಒರಟು ಹತ್ತಿಬಟ್ಟೆಗೆ ‘ಡುಂಗರಿ’ ಎಂಬ ಹೆಸರು ಬಂದು, ಅದು ಇಂಗ್ಲಿಷಿಗೂ ಸೇರಿತು. ನಾವಿಕರೂ ಕೂಲಿಕಾರರೂ ತೊಡುತ್ತಿದ್ದ ಬಟ್ಟೆಯದು.

ಪಶ್ಚಿಮ ಬೆಂಗಳೂರಿನವರಿಗೆ ದುಡಿಮೆಯ ಬಟ್ಟೆಯ ಪರಿಚಯವನ್ನು ಬೇರೆಯವರು ಮಾಡಿಕೊಡಬೇಕಾಗಿಲ್ಲ. 1884ರಲ್ಲಿ ಸ್ಥಾಪನೆಯಾಗಿ ಮುಂದೆ ಬಿನ್ನಿ ಕಂಪನಿಯ ಕೈಸೇರಿದ ಗಿರಣಿಯಿಂದ ಒಂದು ಬಡಾವಣೆಗೇ ಬಿನ್ನಿಪೇಟೆ ಎಂಬ ಹೆಸರು ನಿಂತಿತು. ಮಾಗಡಿ ರಸ್ತೆಯ ಆಸುಪಾಸಿನ ಹಿರಿಯರಲ್ಲಿ ಆ ಗಿರಣಿಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡವರು ಇನ್ನೂ ಇದ್ದಾರೆ. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ತಿಕ್ಕಿ ನೋಡಿ ಅದರ ಹಣೆಬರಹವನ್ನು ಹೇಳಬಲ್ಲ ಜನ ಅವರು. ಆ ಗಿರಣಿ ಮುಚ್ಚಿತು. ಅಲ್ಲಿ ಈಗ ವಸತಿ ಸಮುಚ್ಚಯಗಳೂ ಮಾಲೂ ಎದ್ದಿವೆ. ಆ ಬೆರಳುಗಳ ವಿದ್ಯೆ ಮಾತ್ರ ಮೊಮ್ಮಕ್ಕಳಿಗೆ ಇಳಿದುಬರಲಿಲ್ಲವೆಂಬುದು ನಮ್ಮ ವ್ಯಥೆ.

ಆ ವಿದ್ಯೆಯ ಮೊದಲ ಪಾಠ ಹಾಸು ಮತ್ತು ಹೊಕ್ಕು. ಜೇಡರ ದಾಸಿಮಯ್ಯನವರ ಕಾಯಕವನ್ನು ಸ್ಮರಿಸುವ ನಮ್ಮವರಿಗೆ ಈ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೆನಿಮ್ಮಿನಲ್ಲಿ ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ಸಾಮಾನ್ಯವಾಗಿ ನೀಲಿ ನೂಲು ಎರಡು ಮೂರು ಬಿಳಿ ನೂಲುಗಳ ಮೇಲೆ ಹಾದು ಒಂದರ ಕೆಳಗೆ ನುಸುಳುತ್ತದೆ. ಪ್ರತಿ ಸಾಲಿನಲ್ಲೂ ಈ ನುಸುಳುವಿಕೆ ಒಂದು ಎಳೆಯಷ್ಟು ಪಕ್ಕಕ್ಕೆ ಸರಿಯುವುದರಿಂದ ಬಟ್ಟೆಯ ಮೇಲೆ ಓರೆಯಾದ ಗೀಟುಗಳು ಮೂಡುತ್ತವೆ. ಇದೇ ಟ್ವಿಲ್ ನೇಯ್ಗೆ. ನೂಲುಗಳು ಒತ್ತಾಗಿ ಕೂರುವುದರಿಂದ ಇದು ಗಟ್ಟಿ. ಪ್ಯಾಂಟನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿರಿ. ಓರೆ ಗೀಟುಗಳು ಒತ್ತಾಗಿ, ಒಂದೇ ಸಮನಾಗಿ ಇರಬೇಕು. ಬಟ್ಟೆಯ ಒಂದು ಪದರವನ್ನು ಬೆಳಕಿಗೆ ಹಿಡಿದರೆ ಜರಡಿಯಂತೆ ತೂತುತೂತಾಗಿ ಕಾಣಬಾರದು. ಉಗುರಿನಿಂದ ಗೀರಿದರೆ ಎಳೆಗಳು ಅತ್ತಿತ್ತ ಸರಿಯಬಾರದು.

ಎರಡನೆಯ ಪಾಠ ತೂಕ. ಡೆನಿಮ್ಮನ್ನು ಒಂದು ಚದರ ಗಜಕ್ಕೆ ಇಷ್ಟು ಔನ್ಸು ಎಂದು ಅಳೆಯುವುದು ವಾಡಿಕೆ. ಒಂದು ಔನ್ಸೆಂದರೆ ಚದರ ಮೀಟರಿಗೆ ಹೆಚ್ಚುಕಡಿಮೆ 34 ಗ್ರಾಂ. 8 ಔನ್ಸಿನದು ಅಂಗಿಗೆ ಸರಿ. ದುಡಿಮೆಯ ಪ್ಯಾಂಟಿಗೆ ಬಹಳ ತೆಳು. 14 ಔನ್ಸಿಗೆ ಮೇಲ್ಪಟ್ಟದ್ದು ಹೊರದೇಶಗಳ ಚಳಿಗೆ ತಕ್ಕದ್ದು. ನಮ್ಮ ಏಪ್ರಿಲ್ ತಿಂಗಳಿನಲ್ಲಿ ತಗಡಿನ ಸೂರಿನಡಿ ನಿಂತು ದುಡಿಯುವವನಿಗೆ ಅದು ಶಿಕ್ಷೆ, ಮಳೆಗಾಲದಲ್ಲಿ ಎರಡು ದಿನವಾದರೂ ಒಣಗದು. ಬೆಂಗಳೂರಿನ ಹವೆಗೆ 11ರಿಂದ 12 ಔನ್ಸು, ಅಂದರೆ ಚದರ ಮೀಟರಿಗೆ 370ರಿಂದ 410 ಗ್ರಾಂ, ಯೋಗ್ಯವೆಂದು ನಮ್ಮ ಅಭಿಪ್ರಾಯ. ಅಂಗಡಿಯವರು ಔನ್ಸಿನ ಲೆಕ್ಕ ಹೇಳದಿದ್ದರೆ ಬೇರೊಂದು ಉಪಾಯವುಂಟು. ಒಂದೇ ಅಳತೆಯ ಎರಡು ಪ್ಯಾಂಟುಗಳನ್ನು ಎರಡು ಕೈಗಳಲ್ಲಿ ಹಿಡಿದು ತೂಗಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಮೂರನೆಯದು, ಒಳಬದಿಯಲ್ಲಿ ಹೊಲಿದಿರುವ ಚಿಕ್ಕ ಚೀಟಿ. ಅದನ್ನು ಓದದೆ ಹಣ ಕೊಡಬೇಡಿರಿ. ಶೇಕಡ 100 ಹತ್ತಿಯೆಂದಿದ್ದರೆ ಉತ್ತಮ. ಶೇಕಡ 1 ಅಥವಾ 2ರಷ್ಟು ಎಲಾಸ್ಟೇನ್ ಬೆರೆತಿದ್ದರೆ ಕುಳಿತು ಏಳಲು ಹಿತವಾಗಿರುತ್ತದೆ, ಸಹಿಸಬಹುದು. ಸ್ಪ್ಯಾಂಡೆಕ್ಸ್, ಲೈಕ್ರಾ ಎಂಬವೂ ಇದೇ ಎಳೆಯ ಬೇರೆ ಹೆಸರುಗಳು. ಆದರೆ ಈ ರಬ್ಬರಿನ ಗುಣದ ಎಳೆ ಬಿಸಿಗೂ ಬ್ಲೀಚಿನ ಪುಡಿಗೂ ಬೇಗ ಸೋಲುತ್ತದೆ. ಆಗ ಮಂಡಿಯ ಜಾಗ ಜೋಲುಬಿದ್ದು ಚೀಲದಂತಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬಿಗಿದುಕೊಳ್ಳುವ ಪ್ಯಾಂಟುಗಳು ಹುಡುಗರಿಗೆ ಪ್ರಿಯವೆಂಬುದನ್ನು ಬಲ್ಲೆವು. ಭಾನುವಾರ ಓರಾಯನ್ ಮಾಲಿಗೆ ಹೋಗುವಾಗ ಅವುಗಳನ್ನು ತೊಡಲಿ. ಸೋಮವಾರ ಲೇತಿನ ಮುಂದೆ ನಿಲ್ಲುವಾಗ ಬೇಡ.

ಇನ್ನು ನಾವು ಮೊದಲೇ ಹೇಳಿದ ದೋಷಕ್ಕೆ ಬರೋಣ. ನೀಲಿಯ ಬಣ್ಣ ನೂಲಿನ ತಿರುಳಿಗೆ ಇಳಿಯುವುದಿಲ್ಲ, ಹೊರಮೈಯಲ್ಲಿ ಮಾತ್ರ ಕೂರುತ್ತದೆ. ಉಜ್ಜಿದಷ್ಟೂ ಒಳಗಿನ ಬಿಳುಪು ಹೊರಬರುವುದು ಇದರಿಂದಲೇ. ಹಿಂದಿನ ಕೂಲಿಕಾರನ ಜೀನ್ಸು ಮಾಸಲು ವರ್ಷಗಳು ಬೇಕಾಗುತ್ತಿದ್ದವು. ಇಂದು ಆ ಮಾಸಿದ ಚೆಲುವನ್ನು ಹೊಸದರಲ್ಲೇ ಬೇಡುವವರಿಗಾಗಿ, ಹಗುರವಾದ ಪ್ಯೂಮಿಸ್ ಕಲ್ಲುಗಳೊಡನೆ ದೊಡ್ಡ ಡ್ರಮ್ಮುಗಳಲ್ಲಿ ತಿರುಗಿಸುತ್ತಾರೆ, ಕಿಣ್ವಗಳಲ್ಲಿ ಅದ್ದುತ್ತಾರೆ, ಬ್ಲೀಚು ಮಾಡುತ್ತಾರೆ, ತೊಡೆ ಮಂಡಿಗಳನ್ನು ಉಪ್ಪುಕಾಗದದಿಂದ ತಿಕ್ಕುತ್ತಾರೆ. ಬಣ್ಣದೊಂದಿಗೆ ನಾರೂ ಸವೆಯುತ್ತದೆ. ತೊಡೆಯ ಮೇಲೆ ಬೆಳ್ಳಗೆ ಕಾಣುವ ಹೊಸ ಜೀನ್ಸೆಂದರೆ ಅಲ್ಲಿ ಬಟ್ಟೆ ತೆಳುವಾಗಿದೆಯೆಂದು ತಿಳಿಯಿರಿ. ಮಂಡಿಯಲ್ಲಿ ಹರಿದು ಮಾರುವ ಜೀನ್ಸಿನ ಮಾತಂತೂ ಬೇಡವೇ ಬೇಡ. ಹರಿದದ್ದಕ್ಕೆ ಹೆಚ್ಚು ಬೆಲೆ ತೆತ್ತು ತರುವ ಈ ಪರಿ ನಮ್ಮ ಪಾಠಶಾಲೆಯ ಯಾವ ತರ್ಕಕ್ಕೂ ನಿಲುಕಲಿಲ್ಲ.

ಇದರ ಹಿಂದೆ ಮನುಷ್ಯರ ಉಸಿರಿನ ಪ್ರಶ್ನೆಯೂ ಇದೆ. ಮರಳನ್ನು ಗಾಳಿಯ ರಭಸದಿಂದ ಎರಚಿ ಜೀನ್ಸನ್ನು ಮಾಸಲು ಮಾಡುತ್ತಿದ್ದ ತುರ್ಕಿಯ ಯುವಕರಿಗೆ ಸಿಲಿಕಾ ದೂಳಿನಿಂದ ಗುಣವಾಗದ ಶ್ವಾಸಕೋಶದ ಕಾಯಿಲೆ ತಗುಲಿತು. 2009ರಲ್ಲಿ ಆ ದೇಶ ಈ ಪದ್ಧತಿಯನ್ನು ನಿಷೇಧಿಸಿತು. ಅಷ್ಟು ದೂರವೇಕೆ, ನಮ್ಮ ಬಳ್ಳಾರಿಯನ್ನೇ ನೋಡೋಣ. ದಂಡು ಇದ್ದ ಆ ಊರಿನಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ ಮನೆತನಗಳ ಪರಂಪರೆಯಿಂದಲೇ ಜೀನ್ಸಿನ ಉದ್ಯಮ ಬೆಳೆಯಿತು. ಕತ್ತರಿಸುವವರೊಬ್ಬರು, ಹೊಲಿಯುವವರೊಬ್ಬರು, ತೊಳೆಯುವವರೊಬ್ಬರು, ಗುಂಡಿ ಹಾಕುವವರೊಬ್ಬರು ಎಂದು ಸಣ್ಣ ಘಟಕಗಳಲ್ಲಿಯೂ ಮನೆಗಳಲ್ಲಿಯೂ ಕೆಲಸ ಹಂಚಿಹೋಗಿದೆ. ಆ ಊರಿನ ಬಹುಕಾಲದ ತೊಡಕು ತೊಳೆಯುವ ಘಟಕಗಳಿಂದ ಹೊರಬೀಳುವ ಬಣ್ಣದ ನೀರು. ಹೆಚ್ಚು ತೊಳೆಯದ, ಕಡುನೀಲಿಯ ಜೀನ್ಸನ್ನು ಕೊಂಡರೆ ಕೊಂಡವರಿಗೆ ಬಾಳಿಕೆ, ಬಳ್ಳಾರಿಯ ಚರಂಡಿಗೂ ಒಂದಿಷ್ಟು ನೆಮ್ಮದಿ. ಬಳ್ಳಾರಿಯ ಮಾಲೆಂದು ಮೂಗು ಮುರಿಯುವವರನ್ನು ಕಂಡಿದ್ದೇವೆ. ಅದು ಸಲ್ಲದು. ಅಲ್ಲಿ ಉತ್ತಮವೂ ಉಂಟು, ಕಳಪೆಯೂ ಉಂಟು. ಪರೀಕ್ಷೆ ಮಾಡಿ ಕೊಳ್ಳುವವನಿಗೆ ಹಣ ಉಳಿಯುವುದು ಇಂಥ ಕಡೆಯೇ.

ಬಟ್ಟೆ ಗಟ್ಟಿಯಿದ್ದೂ ಹೊಲಿಗೆ ಸಡಿಲವಾದರೆ ಫಲವಿಲ್ಲ. ಪ್ಯಾಂಟನ್ನು ತಿರುಗಿಸಿ ಒಳತೊಡೆಯ ಉದ್ದನೆಯ ಹೊಲಿಗೆಯನ್ನು ಮೊದಲು ನೋಡಬೇಕು. ಬಟ್ಟೆಯ ಎರಡು ಅಂಚುಗಳು ಒಂದರೊಳಗೊಂದು ಮಡಿಚಿಕೊಂಡು, ಅವುಗಳ ಮೇಲೆ ಎರಡು ಅಥವಾ ಮೂರು ಸಾಲು ಹೊಲಿಗೆ ಓಡಿದ್ದರೆ ಅದು ದುಡಿಮೆಯ ಜೀನ್ಸು. ಅಂಚುಗಳನ್ನು ಬರೀ ದಾರದಿಂದ ಸುತ್ತಿ ಬಿಟ್ಟು, ಒಂದೇ ಸಾಲಿನಲ್ಲಿ ಜೋಡಿಸಿದ್ದರೆ ಬಾಳಿಕೆ ಕಡಿಮೆ. ಎರಡು ಕೈಗಳಿಂದ ಹೊಲಿಗೆಯ ಆಚೀಚೆ ಹಿಡಿದು ಬಲವಾಗಿ ಎಳೆಯಿರಿ. ನಡುವೆ ಏಣಿಯ ಮೆಟ್ಟಿಲುಗಳಂತೆ ದಾರ ಕಂಡರೆ ಅಂಥದ್ದನ್ನು ಅಲ್ಲಿಯೇ ಇಟ್ಟು ಬನ್ನಿರಿ. ಅಂಗಡಿಯವನು ಗೊಣಗಿದರೆ ಗೊಣಗಲಿ.

ಜೇಬಿನ ಬಾಯಿ, ಜಿಪ್ಪಿನ ಬುಡ, ಬೆಲ್ಟಿನ ಲೂಪು, ಇಷ್ಟು ಕಡೆ ಒತ್ತೊತ್ತಾದ ಅಡ್ಡ ಹೊಲಿಗೆಯ ಗಂಟು ಇರಬೇಕು. ರಿವೆಟ್ಟು ಅಲುಗಾಡಬಾರದು, ಬರೀ ಅಲಂಕಾರಕ್ಕೆ ಅಂಟಿಸಿದ್ದಾಗಿರಬಾರದು. ಜಿಪ್ಪು ಹಿತ್ತಾಳೆಯದಾಗಿದ್ದು ಹತ್ತು ಬಾರಿ ಏರಿಳಿಸಿದರೂ ತಡವರಿಸಬಾರದು. ಅನೇಕರು ನೋಡುವುದನ್ನೇ ಮರೆಯುವ ಅಂಗವೊಂದಿದೆ, ಜೇಬಿನ ಒಳಚೀಲ. ಹೊರಗೆಲ್ಲ ಗಟ್ಟಿಮುಟ್ಟಾದ ಡೆನಿಮ್ ಇದ್ದು ಒಳಚೀಲ ಸೊಳ್ಳೆಪರದೆಯಂತಿದ್ದರೆ, ಸ್ಕ್ರೂಡ್ರೈವರು, ಬೀಗದ ಕೈ, ಮೊಬೈಲುಗಳ ಭಾರಕ್ಕೆ ಮೂರು ತಿಂಗಳಲ್ಲಿ ತೂತು ಬಿದ್ದು, ಸಂಬಳದ ನೋಟು ಜಾರುವುದು ಅಲ್ಲಿಂದಲೇ. ಹೆಣ್ಣುಮಕ್ಕಳ ಜೀನ್ಸಿನಲ್ಲಿ ಜೇಬೆಂಬುದು ಎರಡು ಬೆರಳು ಹಿಡಿಸದಷ್ಟು ಆಳವಿಲ್ಲದ್ದಾಗಿರುವುದು, ಬಟ್ಟೆಯೂ ತೆಳುವಾಗಿರುವುದು ಸಾಮಾನ್ಯ. ಮನೆಮನೆಗೆ ಸಾಮಾನು ತಲುಪಿಸುವ, ಕಾರ್ಖಾನೆಯಲ್ಲಿ ಯಂತ್ರ ನಡೆಸುವ ಹೆಣ್ಣುಮಕ್ಕಳು ಈಗ ಕಡಿಮೆಯೇನಿಲ್ಲ. ಅವರಿಗೂ ಗಂಡಸರ ವಿಭಾಗದಿಂದಲೇ ಅಳತೆ ನೋಡಿ ತರುವುದು ಲೇಸು. ಇದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಅಳತೆಯ ವಿಷಯದಲ್ಲಿ ಕನ್ನಡಿಯನ್ನು ನಂಬಬೇಡಿರಿ. ಅಂಗಡಿಯ ಕೋಣೆಯಲ್ಲಿ ಪ್ಯಾಂಟು ತೊಟ್ಟು ಪೂರ್ತಿ ಕುಕ್ಕರಗಾಲಿನಲ್ಲಿ ಕೂರಬೇಕು, ಒಂದು ಮಂಡಿ ಊರಬೇಕು, ಮೆಟ್ಟಿಲು ಹತ್ತುವಂತೆ ಕಾಲನ್ನು ಎತ್ತಬೇಕು. ಟೈಲ್ಸು ಹಾಕುವವನೂ ವೈರಿಂಗ್ ಮಾಡುವವನೂ ದಿನವಿಡೀ ಮಾಡುವ ಕೆಲಸ ಇದೇ ತಾನೆ? ಜೀನ್ಸು ಹೆಚ್ಚಾಗಿ ಹರಿಯುವುದು ಮಂಡಿಗಿಂತಲೂ ತೊಡೆಸಂದಿನಲ್ಲಿ. ಅಲ್ಲಿ ನಾಲ್ಕು ಹೊಲಿಗೆಗಳು ಕೂಡುತ್ತವೆ, ಬೈಕಿನ ಸೀಟಿನ ಉಜ್ಜಾಟವೂ ಅಲ್ಲಿಯೇ. ಬಿಗಿಯಾದರೆ ಎಳೆತದಿಂದ ಹರಿಯುತ್ತದೆ. ತೀರ ಜೋತರೆ ತೊಡೆಗೆ ತೊಡೆ ತಿಕ್ಕಿ ಸವೆಯುತ್ತದೆ. ಮೊದಲ ಒಗೆತದಲ್ಲಿ ಕುಗ್ಗುವುದನ್ನೂ ಎಣಿಸಬೇಕು. ಗಿರಣಿಯಲ್ಲಿ ಮೊದಲೇ ಕುಗ್ಗಿಸಿದ ಬಟ್ಟೆ ಅಲ್ಪಸ್ವಲ್ಪ ಕುಗ್ಗೀತು. ಕುಗ್ಗಿಸದ ಹಸಿ ಡೆನಿಮ್ ಶೇಕಡ 10ರವರೆಗೂ ಕುಗ್ಗಬಹುದು.

ಇಲ್ಲಿ ಹಣಕ್ಕಿಂತ ಹಿರಿದಾದ ಒಂದು ಮಾತನ್ನು ಹೇಳಲೇಬೇಕು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಾಗಲಿ, ಕುಂಬಳಗೋಡಿನಲ್ಲಾಗಲಿ ತಿರುಗುವ ಯಂತ್ರದ ಬಳಿ ನಿಲ್ಲುವವನ ಪ್ಯಾಂಟಿನಲ್ಲಿ ಜೋತಾಡುವ ದಾರ, ಹರಿದ ಅಂಚು, ಅಗಲವಾದ ಕಾಲು ಇರಕೂಡದು. ಯಂತ್ರ ಎಳೆಯನ್ನು ಹಿಡಿದರೆ ಕಾಲನ್ನು ಬಿಡುವುದಿಲ್ಲ. ವೆಲ್ಡಿಂಗ್ ಮಾಡುವವನಿಗೆ ಶೇಕಡ 100 ಹತ್ತಿಯಲ್ಲದೆ ಬೇರೊಂದು ಬೇಡ. ಹತ್ತಿ ಸುಟ್ಟು ಕರಕಾಗುತ್ತದೆ. ಪಾಲಿಯೆಸ್ಟರು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕಾಲಿನ ತುದಿಯನ್ನು ಮೇಲಕ್ಕೆ ಮಡಿಚುವ ಅಭ್ಯಾಸವನ್ನೂ ಬಿಡಬೇಕು, ಕಿಡಿಗಳು ಬಂದು ಬೀಳುವುದು ಆ ಮಡಿಕೆಯಲ್ಲಿ. ಉದ್ದ ಹೆಚ್ಚಾದರೆ ಕತ್ತರಿಸಿ ಹೊಲಿಸಿರಿ. ಇಷ್ಟಾದರೂ ಜೀನ್ಸೆಂಬುದು ಬೆಂಕಿಯಿಂದ ಕಾಯುವ ಕವಚವಲ್ಲ. ಚರ್ಮದ ಏಪ್ರನ್ನು ಕೊಡುವುದು ಮಾಲೀಕನ ಹೊಣೆ, ಅದನ್ನು ಕೇಳಿ ಪಡೆಯುವುದು ಹುಡುಗನ ಹಕ್ಕು.

ಬೆಲೆಯ ಲೆಕ್ಕವನ್ನು ತಿಂಗಳಿನಿಂದ ಭಾಗಿಸಿ ಹಾಕಬೇಕು. ಉದಾಹರಣೆಗೆ 700 ರೂಪಾಯಿಯ ಪ್ಯಾಂಟು ಏಳು ತಿಂಗಳು ಬಂದರೆ ತಿಂಗಳಿಗೆ 100 ರೂಪಾಯಿ ಬಿತ್ತು. 1500 ರೂಪಾಯಿಯದು ಎರಡೂವರೆ ವರ್ಷ ಬಂದರೆ ತಿಂಗಳಿಗೆ 50 ಮಾತ್ರ. ಆದರೆ 4000 ಕೊಟ್ಟದ್ದು ಏಳು ವರ್ಷ ಬಾಳುವುದಿಲ್ಲ. ಒಂದು ಹಂತದ ಮೇಲೆ ನಾವು ತೆರುವುದು ಹೆಸರಿಗೆ, ಅಂಗಡಿಯ ತಂಪುಗಾಳಿಗೆ. ಸರಕಾರದ ತೆರಿಗೆಯೂ ಇದನ್ನೇ ಸೂಚಿಸುವಂತಿದೆ. 2025ರ ಸೆಪ್ಟೆಂಬರ್ 22ರಿಂದ 2500 ರೂಪಾಯಿಯವರೆಗಿನ ಉಡುಪಿಗೆ ಶೇಕಡ 5, ಅದನ್ನು ಮೀರಿದರೆ ಶೇಕಡ 18 ಜಿ.ಎಸ್.ಟಿ. ಎಂದಾಗಿದೆ. ದುಡಿಮೆಯ ಪ್ಯಾಂಟಿಗೆ ಆ ಗೆರೆ ದಾಟಬೇಕಾದ ಅಗತ್ಯ ನಮಗೆ ಕಾಣದು.

ರಫ್ತಿನಲ್ಲಿ ಉಳಿದ ಮಾಲೆಂದು ಹೇಳಿ ಮಾರುವ ಅಂಗಡಿಗಳು ನಮ್ಮ ಕಡೆ ಅನೇಕ. ಮೈಸೂರು ರಸ್ತೆಯ ಗಾರ್ಮೆಂಟುಗಳ ಊರಿದು, ಆ ಮಾತು ಕೆಲವೊಮ್ಮೆ ನಿಜವೂ ಹೌದು. ಹೆಚ್ಚಿಗೆ ಹೊಲಿದು ಉಳಿದದ್ದಾದರೆ ಲಾಭ, ದೋಷದಿಂದ ತಿರಸ್ಕೃತವಾದದ್ದಾದರೆ ದೋಷ ಎಲ್ಲಿದೆಯೆಂದು ಹುಡುಕಬೇಕು. ಎರಡು ಕಾಲುಗಳನ್ನು ಜೋಡಿಸಿ ಉದ್ದ ನೋಡಿರಿ. ಹೊಲಿಗೆ ಕಾಲಿನ ಸುತ್ತ ತಿರುಚಿಕೊಂಡಿದೆಯೇ, ಎರಡು ಕಾಲಿನ ನೀಲಿ ಒಂದೇ ಆಗಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿರಿ. ಬಣ್ಣದ ಭೇದವಾದರೆ ದುಡಿಮೆಗೆ ತೊಂದರೆಯಿಲ್ಲ. ಹೊಲಿಗೆಯ ದೋಷವಾದರೆ ಬೇಡ.

ಬಟ್ಟೆ ತಂದು ಹೊಲಿಸುವುದು ಮತ್ತೊಂದು ದಾರಿ. 1995ರಲ್ಲಿ ಅರವಿಂದ್ ಮಿಲ್ಸಿನವರು ‘ರಫ್ ಅಂಡ್ ಟಫ್’ ಎಂಬ ಹೆಸರಿನಲ್ಲಿ ಡೆನಿಮ್ ಬಟ್ಟೆ, ಜಿಪ್ಪು, ರಿವೆಟ್ಟುಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರಿದಾಗ ಊರೂರಿನ ದರ್ಜಿಗಳೂ ಜೀನ್ಸು ಹೊಲಿದರು. ಇಂದಿಗೂ ಚಿಕ್ಕಪೇಟೆಯಲ್ಲಿ ಮೀಟರಿನ ಲೆಕ್ಕದಲ್ಲಿ ಡೆನಿಮ್ ದೊರೆಯುತ್ತದೆ. ಆದರೆ ನಾಲ್ಕಾರು ಪದರ ಡೆನಿಮ್ಮನ್ನು ಚುಚ್ಚಬಲ್ಲ ಯಂತ್ರವೂ ದಪ್ಪ ಸೂಜಿಯೂ ದರ್ಜಿಯ ಬಳಿ ಇವೆಯೇ ಎಂದು ಮೊದಲು ಕೇಳಬೇಕು. ರವಿಕೆ ಹೊಲಿಯುವ ಯಂತ್ರ ಈ ಭಾರಕ್ಕೆ ಕೆಡುತ್ತದೆ.

ತಂದ ಮೇಲೆ ಕೆಡಿಸುವವರು ಬಹುಮಟ್ಟಿಗೆ ನಾವೇ. ಬಣ್ಣ ನಿಲ್ಲಲೆಂದು ಉಪ್ಪುನೀರಿನಲ್ಲಿ ನೆನೆಹಾಕುವುದು ಮನೆಮನೆಯ ಪದ್ಧತಿ. ಇಂಡಿಗೊ ಬಣ್ಣಕ್ಕೆ ಉಪ್ಪಿನಿಂದ ಏನೂ ಆಗದು, ಅದು ಬಿಡುವಷ್ಟು ಬಿಟ್ಟೇ ತೀರುತ್ತದೆ. ಮೊದಲ ಎರಡು ಮೂರು ಸಲ ಬೇರೆ ಬಕೀಟಿನಲ್ಲಿ ಒಗೆದರೆ ಸಾಕು. ಒಗೆಯುವ ಕಲ್ಲಿನ ಮೇಲೆ ಜೀನ್ಸನ್ನು ಎತ್ತಿ ಬಡಿಯುವುದು ಹಿಂದಿನ ಪಂಚೆಗಳಿಗೆ ಸರಿಹೋಗಿತ್ತು. ಡೆನಿಮ್ಮಿನ ಗಡಸು ಮಡಿಕೆಗಳು ಕಲ್ಲಿಗೆ ಬಿದ್ದಲ್ಲೆಲ್ಲ ಕತ್ತರಿಸುತ್ತವೆ, ಜಿಪ್ಪೂ ವಕ್ರವಾಗುತ್ತದೆ. ಒಳಮೈ ಹೊರಗೆ ಬರುವಂತೆ ತಿರುಗಿಸಿ, ತಣ್ಣೀರಿನಲ್ಲಿ ಅರ್ಧ ತಾಸು ನೆನೆಸಿ, ಗ್ರೀಸು ಹತ್ತಿದ ಕಡೆ ಮಾತ್ರ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಒಣಹಾಕಿರಿ. ಕೊಳವೆಬಾವಿಯ ಗಡಸು ನೀರಾದರೆ ಸಾಬೂನಿನ ಬಿಲ್ಲೆಗಿಂತ ಪುಡಿಯೇ ಮೇಲು. ಬಿಲ್ಲೆಯ ಸಾಬೂನು ಗಡಸು ನೀರಿನಲ್ಲಿ ನೊರೆಯಾಗದೆ ಬಟ್ಟೆಯ ಮೇಲೆ ಬಿಳಿಯ ಹೊಪ್ಪಳೆಯಾಗಿ ಕೂರುತ್ತದೆ. ಎರಡು ಜೋಡಿ ಇಟ್ಟುಕೊಂಡು ಸರದಿಯಲ್ಲಿ ತೊಟ್ಟರೆ ಬೆವರು ಪೂರ್ತಿ ಆರಲು ಅವಕಾಶ ಸಿಗುತ್ತದೆ, ದಿನವೂ ಒಗೆಯುವ ಕಾಟವೂ ತಪ್ಪುತ್ತದೆ.

ತೊಡೆಸಂದಿನಲ್ಲಿ ನೀಲಿ ಹೋಗಿ ಅಡ್ಡ ಬಿಳಿ ಎಳೆಗಳು ಕಾಣತೊಡಗಿದ ದಿನವೇ ಪ್ಯಾಂಟನ್ನು ಆಲ್ಟರೇಷನ್ ಅಂಗಡಿಗೆ ಒಯ್ಯಬೇಕು. ತೂತು ಬೀಳುವವರೆಗೆ ಕಾಯಬಾರದು. ಒಳಗೊಂದು ಹಳೆಯ ಡೆನಿಮ್ ತುಂಡನ್ನಿಟ್ಟು, ಅದೇ ಬಣ್ಣದ ದಾರದಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದರೆ ಹೊರಗೆ ಕಾಣುವುದೂ ಇಲ್ಲ, ಇನ್ನೊಂದು ವರ್ಷ ನಿಶ್ಚಿಂತೆ. ಅದಕ್ಕಾಗಿ ತೀರ ಸವೆದ ಹಳೆಯ ಜೀನ್ಸನ್ನು ಎಸೆಯದೆ ಹಿಂಬದಿಯ ಮತ್ತು ಮೊಣಕಾಲ ಕೆಳಗಿನ ಬಟ್ಟೆಯನ್ನು ಕತ್ತರಿಸಿ ತೆಗೆದಿಡಿರಿ. ಅಲ್ಲಿಯ ಬಟ್ಟೆ ಸವೆದಿರುವುದು ಕಡಿಮೆ. ಜಿಪ್ಪು, ಗುಂಡಿಗಳನ್ನೂ ಬಿಚ್ಚಿಟ್ಟುಕೊಳ್ಳಿರಿ. ಕೌದಿ ಹೊಲಿಯುವ ಅಜ್ಜಿಯರಿಗೆ ಮಾತ್ರ ಈ ತುಂಡುಗಳನ್ನು ಕೊಡಬೇಡಿರಿ, ಕೈಸೂಜಿ ಅದರಲ್ಲಿ ಇಳಿಯದೆ ಬೆರಳು ನೋಯುತ್ತದೆ. ಅವರಿಗೆ ಹಳೆಯ ಸೀರೆಯೇ ಸರಿ. ಈ ದಪ್ಪ ಬಟ್ಟೆಯಿಂದ ಯಂತ್ರದಲ್ಲಿ ಹೊಲಿಸಿದ ಸಂತೆಯ ಚೀಲ ಹತ್ತು ಕಿಲೋ ಅಕ್ಕಿಯನ್ನು ಧಾರಾಳವಾಗಿ ಹೊರುತ್ತದೆ.